ಫೈಬ್ರೋಸ್ಕ್ಯಾನಾ, ಎಂಆರ್‌ಐಯಾ, ಬಯಾಪ್ಸಿಯಾ? ಲಿವರ್ ಕ್ಯಾನ್ಸರ್ ಚಿಕಿತ್ಸೆ ಆದ ಮೇಲೆ ಲಿವರ್ ಗಟ್ಟಿತನ ನೋಡುವ ದಾರಿಗಳು

ಒಂದು ಮಧ್ಯಾಹ್ನ ನಮ್ಮ ಎಂಆರ್‌ಐ ಕೋಣೆಯ ಹೊರಗಿನ ಬೆಂಚಿನ ಮೇಲೆ ಮೈಸೂರ್‌ಪಾಕಿನ ಡಬ್ಬ ತೆರೆದಿತ್ತು. ಅಪ್ಪನ ರಿಪೋರ್ಟ್ ಕೈಗೆ ಬಂದ ಖುಷಿಯಲ್ಲಿ ಮಗ ಎಲ್ಲರಿಗೂ ಹಂಚುತ್ತಿದ್ದ. "ಮೇಡಮ್, ನಾಲ್ಕು ತಿಂಗಳ ಹಿಂದೆ ಲಿವರ್ ಗಟ್ಟಿತನ 13.8 ಇತ್ತು. ಈಗ 4.6! ಮೂರರಲ್ಲಿ ಒಂದು ಪಾಲಿಗೆ ಇಳಿದಿದೆ" ಅಂದ. ನಾನು ಎರಡೂ ಕಾಗದ ಇಸ್ಕೊಂಡು ನೋಡಿದೆ. 13.8 ಇದ್ದದ್ದು ಫೈಬ್ರೋಸ್ಕ್ಯಾನ್ ರಿಪೋರ್ಟಿನಲ್ಲಿ, ಅಂದರೆ ಪಕ್ಕೆಯ ಮೇಲೆ ತಟ್ಟಿ ಲಿವರ್ ಗಟ್ಟಿತನ ಅಳೆಯುವ ಮಷಿನ್ನಿನದು. 4.6 ಇದ್ದದ್ದು ಎಂಆರ್ ಎಲಾಸ್ಟೋಗ್ರಫಿ ರಿಪೋರ್ಟಿನಲ್ಲಿ, ಅಂದರೆ ಎಂಆರ್‌ಐ ಮಷಿನ್ನಿನಲ್ಲೇ ಗಟ್ಟಿತನ ಅಳೆಯುವ ಪರೀಕ್ಷೆಯದು. ಎರಡರಲ್ಲೂ ನಂಬರಿನ ಪಕ್ಕ ಕಿಲೋಪಾಸ್ಕಲ್ (ಗಟ್ಟಿತನದ ಅಳತೆ) ಅಂತಲೇ ಬರೆದಿತ್ತು.

ಆದರೆ ಆ ಎರಡು ಕಿಲೋಪಾಸ್ಕಲ್ ಒಂದೇ ಅಲ್ಲ. ಎರಡು ಮಷಿನ್ನುಗಳು ಲೆಕ್ಕ ಹಾಕುವ ರೀತಿಯೇ ಬೇರೆ. ಫೈಬ್ರೋಸ್ಕ್ಯಾನಿನ ನಂಬರ್ ಹೆಚ್ಚುಕಮ್ಮಿ ಎಂಆರ್ ನಂಬರಿನ ಮೂರು ಪಟ್ಟು ಬರುತ್ತದೆ. 4.6ನ್ನು ಮೂರರಿಂದ ಗುಣಿಸಿ ನೋಡಿ. ಅವರಪ್ಪನ ಲಿವರ್ ಇದ್ದ ಹಾಗೇ ಇತ್ತು, ಅಷ್ಟೇ. ಮೈಸೂರ್‌ಪಾಕು ಬಾಯಲ್ಲಿ ಇಟ್ಟುಕೊಂಡೇ ಇದನ್ನು ಹೇಳಬೇಕಾಗಿ ಬಂತು. ಜೊತೆಗೆ ಇನ್ನೊಂದು ಮಾತೂ ಹೇಳಿದೆ: ಕ್ಯಾನ್ಸರ್ ಚಿಕಿತ್ಸೆ ಆದ ಮೇಲೂ ಲಿವರ್ ಕೆಟ್ಟಿಲ್ಲ ಅನ್ನುವುದು ಸಿಹಿ ಹಂಚುವಂಥ ಸುದ್ದಿಯೇ.

ನಾನು ಡಾಕ್ಟರ್ ಅಲ್ಲ, ಎಂಆರ್‌ಐ ಟೆಕ್ನಿಷಿಯನ್. ನಿಮ್ಮ ಮನೆಯವರಿಗೆ ಯಾವ ಪರೀಕ್ಷೆ ಬೇಕು ಅನ್ನುವುದನ್ನು ತೀರ್ಮಾನ ಮಾಡುವವರು ನಿಮ್ಮ ಲಿವರ್ ಡಾಕ್ಟರು. ಆದರೆ ಯಾವ ಪರೀಕ್ಷೆ ಏನನ್ನು ನೋಡುತ್ತದೆ, ಎಲ್ಲಿ ಎಡವುತ್ತದೆ ಅನ್ನುವುದು ಗೊತ್ತಿದ್ದರೆ ಅವರ ಹತ್ತಿರ ಸರಿಯಾದ ಪ್ರಶ್ನೆ ಕೇಳಬಹುದು, ಅಲ್ವಾ? ಅದಕ್ಕೆ ಇದು.

ಲಿವರ್‌ನ ಗಾಯದ ಕಲೆ ಎರಡು ತರ

ಲಿವರ್‌ನಲ್ಲೇ ಹುಟ್ಟುವ ಕ್ಯಾನ್ಸರ್, ಅಂದರೆ ಎಚ್‌ಸಿಸಿ, ಹೆಚ್ಚಾಗಿ ಆರೋಗ್ಯವಾಗಿರುವ ಲಿವರ್‌ಗೆ ಬರುವುದಿಲ್ಲ. ಹತ್ತು ಜನರಲ್ಲಿ ಎಂಟು ಜನರಿಗಾದರೂ ಮೊದಲೇ ಸಿರೋಸಿಸ್, ಅಂದರೆ ಲಿವರ್ ಪೂರ್ತಿ ನಾರುಗಟ್ಟಿ ಗಂಟುಗಂಟಾಗುವುದು, ಆಗಿರುತ್ತದೆ. ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಕುಡಿತ, ಕೊಬ್ಬಿನ ಲಿವರ್ ಇವೆಲ್ಲ ವರ್ಷಗಟ್ಟಲೆ ಲಿವರ್‌ಗೆ ಗಾಯ ಮಾಡುತ್ತಲೇ ಇರುತ್ತವೆ. ಗಾಯ ಮಾಯುತ್ತದೆ, ಆದರೆ ಮಾಯ್ದ ಜಾಗದಲ್ಲಿ ನಾರು ಉಳಿಯುತ್ತದೆ. ಹೀಗೆ ಇಡೀ ಲಿವರ್ ನಾರುಗಟ್ಟುತ್ತಾ ಬರುತ್ತದೆ. ಇದು ಹಳೇ ಕಲೆ.

ಎರಡನೆಯದು ಚಿಕಿತ್ಸೆ ಮಾಡಿದ್ದರಿಂದ ಆಗುವ ಕಲೆ. ಆರ್‌ಎಫ್‌ಎ ಅಥವಾ ಮೈಕ್ರೋವೇವ್‌ನಲ್ಲಿ ಸೂಜಿ ಹಾಕಿ ಗಡ್ಡೆಯನ್ನು ಸುಡುತ್ತಾರೆ. ಸುಟ್ಟ ಜಾಗ ಒಂದು ಗಟ್ಟಿ ಉಂಡೆಯಾಗಿ ಉಳಿದು ನಿಧಾನಕ್ಕೆ ಕುಗ್ಗುತ್ತದೆ. ಟೇಸ್‌ನಲ್ಲಿ ಗಡ್ಡೆಗೆ ಹೋಗುವ ರಕ್ತನಾಳದೊಳಗೇ ಔಷಧಿ ಬಿಟ್ಟು ನಾಳವನ್ನು ಮುಚ್ಚುತ್ತಾರೆ. ಲಿವರ್‌ಗೆ ಬರುವ ರಕ್ತದ ಮುಕ್ಕಾಲು ಪಾಲು ಕರುಳಿನ ಕಡೆಯಿಂದ ಬರುವ ಪೋರ್ಟಲ್ ವೇನ್ ಅನ್ನುವ ನಾಳದಿಂದ ಬರುತ್ತದೆ. ಗಡ್ಡೆ ಮಾತ್ರ ಬಹುತೇಕ ಲಿವರ್‌ನ ಇನ್ನೊಂದು ನಾಳವಾದ ಹೆಪಾಟಿಕ್ ಆರ್ಟರಿಯ ರಕ್ತವನ್ನೇ ಹೀರುತ್ತದೆ. ಟೇಸ್ ನಡೆಯುವುದೇ ಈ ವ್ಯತ್ಯಾಸದ ಮೇಲೆ. ಆದರೂ ಪಕ್ಕದ ಒಳ್ಳೆ ಭಾಗಕ್ಕೆ ಸ್ವಲ್ಪ ಪೆಟ್ಟು ಬಿದ್ದೇ ಬೀಳುತ್ತದೆ. ಎರಡು ಮೂರು ಸಲ ಮಾಡಿಸಿಕೊಂಡವರಿಗೆ ಇನ್ನೂ ಜಾಸ್ತಿ.

ರೇಡಿಯೇಷನ್ ಕೊಟ್ಟರೆ, ಅದು ಹೊರಗಿನಿಂದ ಕೊಡುವ ಎಸ್‌ಬಿಆರ್‌ಟಿ ಆಗಿರಲಿ, ರಕ್ತನಾಳದ ಮೂಲಕ ಕಳಿಸುವ ಇಟ್ರಿಯಂ ಮಣಿಗಳಾಗಿರಲಿ, ಆ ಭಾಗ ತಿಂಗಳುಗಳ ಮೇಲೆ ನಾರುಗಟ್ಟಿ ಸುಕ್ಕಾಗುತ್ತದೆ. ಲಿವರ್‌ನ ಹೊರ ಅಂಚು ಒಳಕ್ಕೆ ಸೆಳೆದುಕೊಂಡಿರುವುದು ಸ್ಕ್ಯಾನ್‌ನಲ್ಲಿ ಕಣ್ಣಿಗೇ ಕಾಣುತ್ತದೆ. ಒಂದು ಕಡೆ ಕುಗ್ಗಿದರೆ ಇನ್ನೊಂದು ಕಡೆ ಉಬ್ಬಿ ಬೆಳೆಯುತ್ತದೆ. ಆಪರೇಷನ್ ಮಾಡಿ ಒಂದು ಭಾಗ ತೆಗೆದವರಲ್ಲಿ ಉಳಿದ ಭಾಗವೇ ಬೆಳೆದು ಜಾಗ ತುಂಬುತ್ತದೆ.

ಹಾಗಾಗಿ ಚಿಕಿತ್ಸೆ ಆದವರ ಲಿವರ್ ಎಲ್ಲಾ ಕಡೆ ಒಂದೇ ಸಮ ಇರುವುದಿಲ್ಲ. ಡಾಕ್ಟರಿಗೆ ಮುಂದೆ ಬೇಕಾಗುವುದು ಉಳಿದಿರುವ, ಕೆಲಸ ಮಾಡುತ್ತಿರುವ ಲಿವರ್ ಹೇಗಿದೆ ಅನ್ನುವ ಲೆಕ್ಕ. ಅದಕ್ಕೇ ಯಾವ ರಿಪೋರ್ಟ್ ಬಂದರೂ ನಾನು ಮೊದಲು ನೋಡುವುದು 'ಎಷ್ಟು' ಅಂತಲ್ಲ, 'ಎಲ್ಲಿ ಅಳೆದದ್ದು' ಅಂತ. ಮುಂದೆ ಹೇಳುವ ಎಲ್ಲ ಪರೀಕ್ಷೆಗಳನ್ನೂ ಇದೇ ಪ್ರಶ್ನೆ ಇಟ್ಟುಕೊಂಡು ತೂಗಿ ನೋಡಿ.

ಫೈಬ್ರೋಸ್ಕ್ಯಾನ್: ತಟ್ಟಿ ನೋಡುವ ವಿದ್ಯೆ

ನಮ್ಮ ತುಮಕೂರು ಕಡೆ ಹಲಸಿನ ಹಣ್ಣು ಮಾರುವವರು ಹಣ್ಣನ್ನು ಬೆರಳಿನಿಂದ ತಟ್ಟಿ, ಸದ್ದು ಕೇಳಿ, ಒಳಗೆ ತೊಳೆ ಹೇಗಿದೆ ಅಂತ ಹೇಳುತ್ತಾರೆ. ಫೈಬ್ರೋಸ್ಕ್ಯಾನ್ ಮಾಡುವುದೂ ಹೆಚ್ಚುಕಮ್ಮಿ ಅದೇ ಕೆಲಸ. ಬಲ ಪಕ್ಕೆಯ ಎರಡು ಎಲುಬಿನ ನಡುವೆ ಜೆಲ್ ಹಚ್ಚಿ ಒಂದು ಪ್ರೋಬ್ ಇಡುತ್ತಾರೆ. ಅದು ಚಟ್ ಅಂತ ಒಂದು ಸಣ್ಣ ಏಟು ಕೊಡುತ್ತದೆ. ಆ ಏಟಿನ ಅಲೆ ಲಿವರ್ ಒಳಗೆ ಎಷ್ಟು ವೇಗವಾಗಿ ಹೋಗುತ್ತದೆ ಎಂದು ಅಲ್ಟ್ರಾಸೌಂಡ್ ನೋಡುತ್ತದೆ. ಗಟ್ಟಿ ಇದ್ದಷ್ಟೂ ವೇಗ ಜಾಸ್ತಿ. ಹೀಗೆ ಹತ್ತು ಸಲ ಸರಿಯಾಗಿ ತಟ್ಟಿ ನಡುವಿನ ನಂಬರನ್ನು ಬರೆಯುತ್ತಾರೆ. ಫ್ರಾನ್ಸಿನ ಎಕೋಸೆನ್ಸ್ ಕಂಪನಿಯ ಮಷಿನ್ ಇದು, 2003ರಿಂದ ಬಳಕೆಯಲ್ಲಿದೆ.

ಇದರ ಒಳ್ಳೆಯ ಗುಣ ಎಲ್ಲರಿಗೂ ಗೊತ್ತು. ಹತ್ತು ನಿಮಿಷದ ಕೆಲಸ. ನೋವಿಲ್ಲ. ಎಂಆರ್‌ಐಗೆ ಹೋಲಿಸಿದರೆ ಖರ್ಚು ತುಂಬಾ ಕಮ್ಮಿ. ಊರಿಂದ ಬಂದವರು ಅವತ್ತೇ ರಿಪೋರ್ಟ್ ಹಿಡಿದು ಬಸ್ ಹತ್ತಬಹುದು. ಕ್ಯಾನ್ಸರ್ ಇಲ್ಲದೆ ಬರೀ ಕೊಬ್ಬಿನ ಲಿವರ್ ಅಥವಾ ಹೆಪಟೈಟಿಸ್ ಇರುವವರಿಗೆ ಇದಕ್ಕಿಂತ ಸುಲಭದ ದಾರಿ ಇಲ್ಲ ಅಂತಲೇ ನನ್ನ ಅಭಿಪ್ರಾಯ.

ಆದರೆ ಚಿಕಿತ್ಸೆ ಆದವರ ವಿಷಯ ಬೇರೆ. ಇದು ಅಳೆಯುವುದು ಬಲ ಪಕ್ಕೆಯ ಹಿಂದಿರುವ, ಸುಮಾರು ಒಂದು ಸೆಂಟಿಮೀಟರ್ ಅಗಲ, ನಾಲ್ಕು ಸೆಂಟಿಮೀಟರ್ ಉದ್ದದ ಒಂದು ಕಡ್ಡಿಯಷ್ಟು ಜಾಗವನ್ನು ಮಾತ್ರ. ಚಿತ್ರ ಕಾಣುವುದಿಲ್ಲ. ಸುಟ್ಟ ಉಂಡೆ ಆ ದಾರಿಯಲ್ಲೇ ಇದ್ದರೆ ನಂಬರ್ ಸುಮ್ನೆ ಮೇಲಕ್ಕೆ ಹಾರುತ್ತದೆ. ಬಲಭಾಗಕ್ಕೆ ರೇಡಿಯೇಷನ್ ಆಗಿದ್ದರೆ ಅಲ್ಲಿ ಸಿಗುವುದು ರೇಡಿಯೇಷನ್ನಿನ ಲೆಕ್ಕ. ಬಲಭಾಗವನ್ನೇ ಆಪರೇಷನ್‌ನಲ್ಲಿ ತೆಗೆದಿದ್ದರಂತೂ ಪ್ರೋಬ್ ಕೆಳಗೆ ಏನಿದೆಯೋ ದೇವರಿಗೇ ಗೊತ್ತು. ಹೊಟ್ಟೆಯಲ್ಲಿ ನೀರು ತುಂಬಿದ್ದರೆ ಅಲೆ ದಾಟುವುದೇ ಇಲ್ಲ, ಪರೀಕ್ಷೆ ಆಗುವುದಿಲ್ಲ. ತುಂಬಾ ದಪ್ಪ ಇರುವವರಿಗೆ ದೊಡ್ಡ ಪ್ರೋಬ್ ಇದೆ, ಆದರೂ ಕೆಲವರಲ್ಲಿ ಸರಿ ಬರುವುದಿಲ್ಲ.

ರಿಪೋರ್ಟಿನಲ್ಲಿ ದೊಡ್ಡ ನಂಬರಿನ ಕೆಳಗೆ ಐಕ್ಯೂಆರ್ ಅಂತ ಸಣ್ಣದಾಗಿ ಒಂದು ಶೇಕಡ ಇರುತ್ತದೆ. ಅದು 30 ದಾಟಿದ್ದರೆ ಹತ್ತು ಏಟುಗಳೂ ಒಂದಕ್ಕೊಂದು ಹೊಂದಿಲ್ಲ ಅಂತ ಅರ್ಥ. ಅಂಥ ರಿಪೋರ್ಟ್ ಹಿಡಿದು ಗಾಬರಿ ಆಗುವ ಮೊದಲು ಇನ್ನೊಂದು ಸಲ ಮಾಡಿಸಬಹುದಾ ಅಂತ ಕೇಳಿ.

ಅಲ್ಟ್ರಾಸೌಂಡ್ ಮಷಿನ್ನಿನಲ್ಲೇ ಮಾಡುವ ಶಿಯರ್‌ವೇವ್ ಎಲಾಸ್ಟೋಗ್ರಫಿ ಕೂಡ ಇದೆ. ಅದರಲ್ಲಿ ಚಿತ್ರ ನೋಡಿಕೊಂಡು ಅಳೆಯುವ ಜಾಗವನ್ನು ಆರಿಸಬಹುದು. ಈ ಒಂದು ಕಾರಣಕ್ಕೆ, ಚಿಕಿತ್ಸೆ ಆದವರಿಗೆ ಫೈಬ್ರೋಸ್ಕ್ಯಾನಿಗಿಂತ ಇದು ಒಂದು ಕೈ ಮೇಲು. ಆದರೆ ಮಾಡುವವರ ಕೈಚಳಕದ ಮೇಲೆ ತುಂಬಾ ನಿಂತಿದೆ.

ರಕ್ತ ಪರೀಕ್ಷೆಯ ಲೆಕ್ಕ

ಲಿವರ್‌ನಲ್ಲಿ ನಾರು ಎಷ್ಟಿರಬಹುದು ಅಂತ ಅಂದಾಜು ಮಾಡುವ ಫಿಬ್-4 ಅನ್ನುವ ಲೆಕ್ಕಕ್ಕೆ ಬೇರೆ ಖರ್ಚೇ ಇಲ್ಲ. ಎಸ್‌ಜಿಓಟಿ, ಎಸ್‌ಜಿಪಿಟಿ ಅಂದರೆ ಲಿವರ್‌ಗೆ ಪೆಟ್ಟು ಬಿದ್ದರೆ ರಕ್ತದಲ್ಲಿ ಏರುವ ಎರಡು ಕಿಣ್ವ. ವಯಸ್ಸನ್ನು ಎಸ್‌ಜಿಓಟಿಯಿಂದ ಗುಣಿಸಿ, ಪ್ಲೇಟ್‌ಲೆಟ್ (ಸಾವಿರದ ಲೆಕ್ಕದಲ್ಲಿ) ಮತ್ತು ಎಸ್‌ಜಿಪಿಟಿಯ ವರ್ಗಮೂಲ ಇವೆರಡರ ಗುಣಲಬ್ಧದಿಂದ ಭಾಗಿಸಿದರೆ ಆಯಿತು. ಉದಾಹರಣೆಗೆ ವಯಸ್ಸು 58, ಎಸ್‌ಜಿಓಟಿ 62, ಎಸ್‌ಜಿಪಿಟಿ 49, ಪ್ಲೇಟ್‌ಲೆಟ್ ಒಂದು ಲಕ್ಷ ಹತ್ತು ಸಾವಿರ, ಅಂದರೆ 110 ಅಂದುಕೊಳ್ಳಿ. ಉತ್ತರ 4.67 ಬರುತ್ತದೆ. ಸಾಮಾನ್ಯವಾಗಿ 1.3ಕ್ಕಿಂತ ಕಮ್ಮಿ ಇದ್ದರೆ ನಿರಾಳ, 2.67 ದಾಟಿದರೆ ನಾರು ಜಾಸ್ತಿ ಇರಬಹುದು ಅಂತ ನೋಡುತ್ತಾರೆ.

ಅದೇ ವ್ಯಕ್ತಿಗೆ ಟೇಸ್ ಆಗಿ ಒಂದು ವಾರ ಆಗಿದೆ ಅಂದುಕೊಳ್ಳಿ. ಎಸ್‌ಜಿಓಟಿ 180ಕ್ಕೆ, ಎಸ್‌ಜಿಪಿಟಿ 144ಕ್ಕೆ ಏರಿದೆ, ಪ್ಲೇಟ್‌ಲೆಟ್ ಒಂದು ಲಕ್ಷ. ಈಗ ಲೆಕ್ಕ 8.7! ಒಂದು ವಾರದಲ್ಲಿ ಯಾರ ಲಿವರೂ ಅಷ್ಟು ನಾರುಗಟ್ಟುವುದಿಲ್ಲ. ಅದು ಟೇಸ್‌ನ ಪೆಟ್ಟು. ಕ್ಯಾನ್ಸರ್ ಮಾತ್ರೆಗಳಿಂದ ಪ್ಲೇಟ್‌ಲೆಟ್ ಇಳಿದರೂ ಹೀಗೇ ಆಗುತ್ತದೆ. ಸ್ಪ್ಲೀನ್ (ಗುಲ್ಮ) ತೆಗೆದಿದ್ದರೆ ಉಲ್ಟಾ, ಪ್ಲೇಟ್‌ಲೆಟ್ ಏರಿ ಲಿವರ್ ಚೆನ್ನಾಗಿರುವ ಹಾಗೆ ಕಾಣುತ್ತದೆ. ಚಿಕಿತ್ಸೆಯ ಆಸುಪಾಸಿನಲ್ಲಿ ಈ ಲೆಕ್ಕವನ್ನು ನಾನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ.

ಬಯಾಪ್ಸಿ: ಒಂದು ಅಗುಳು ಹಿಸುಕಿದರೆ ಸಾಕಾ?

ಅನ್ನ ಬೆಂದಿದೆಯಾ ಅಂತ ನೋಡಲು ಒಂದು ಅಗುಳು ಹಿಸುಕಿದರೆ ಸಾಕು ಅನ್ನುತ್ತೇವೆ. ಪಾತ್ರೆಯ ಅನ್ನವೆಲ್ಲ ಒಂದೇ ಸಮ ಬೆಂದಿದ್ದರೆ ಆ ಮಾತು ನಿಜ. ತಳ ಹಿಡಿದು ಮೇಲೆ ಹಸಿ ಉಳಿದಿದ್ದರೆ? ಯಾವ ಅಗುಳು ಕೈಗೆ ಸಿಕ್ಕಿತು ಅನ್ನುವುದರ ಮೇಲೆ ಉತ್ತರ.

ಬಯಾಪ್ಸಿ ಸೂಜಿಯಲ್ಲಿ ಸಿಗುವುದು ಇಡೀ ಲಿವರ್‌ನ ಐವತ್ತು ಸಾವಿರದಲ್ಲಿ ಒಂದು ಪಾಲು. ಹೆಪಟೈಟಿಸ್‌ನಂಥ, ಇಡೀ ಲಿವರ್‌ಗೆ ಹರಡುವ ಕಾಯಿಲೆಯಲ್ಲೇ ಎಡಗಡೆ ಒಂದು ಹಂತ, ಬಲಗಡೆ ಇನ್ನೊಂದು ಹಂತ ಬರುವುದುಂಟು. ಚಿಕಿತ್ಸೆ ಆದ ಲಿವರ್ ತಳ ಹಿಡಿದ ಪಾತ್ರೆ ಇದ್ದ ಹಾಗೆ. ಅದರ ಮೇಲೆ ಇಂಥವರಲ್ಲಿ ಪ್ಲೇಟ್‌ಲೆಟ್ ಕಮ್ಮಿ, ರಕ್ತ ಹೆಪ್ಪುಗಟ್ಟುವುದು ನಿಧಾನ. ರಕ್ತಸ್ರಾವದ ಭಯ ಸಾಮಾನ್ಯದವರಿಗಿಂತ ಜಾಸ್ತಿ. ಗಡ್ಡೆಯನ್ನು ಸೂಜಿ ತಾಗಿದರೆ ಸೂಜಿಯ ದಾರಿಯಲ್ಲೇ ಕ್ಯಾನ್ಸರ್ ಕಣ ಕೂರುವ ಸಣ್ಣ ಅಪಾಯವೂ ಇದೆ.

ಹಾಗಂತ ಬಯಾಪ್ಸಿ ಬೇಡವೇ ಬೇಡ ಅಂತಲ್ಲ. ನಾರೇ ಇಲ್ಲದ ಎಫ್‌0ಯಿಂದ ಸಿರೋಸಿಸ್ ಆದ ಎಫ್‌4ವರೆಗಿನ ಹಂತಗಳನ್ನು ಮಾಡಿದ್ದೇ ಬಯಾಪ್ಸಿ ನೋಡಿ. ಲಿವರ್ ಗಟ್ಟಿಯಾಗಲು ಕಾರಣ ನಾರಾ, ಊತವಾ, ಔಷಧಿಯ ಅಡ್ಡ ಪರಿಣಾಮವಾ ಅಂತ ಕಣ್ಣಾರೆ ನೋಡಿ ಹೇಳುವುದು ಅದೊಂದೇ. ಕುತ್ತಿಗೆಯ ರಕ್ತನಾಳದ ಮೂಲಕ ಒಳಗಿಳಿದು ಬಯಾಪ್ಸಿ ತೆಗೆಯುವ ವಿಧಾನದಲ್ಲಿ ರಕ್ತಸ್ರಾವದ ಭಯ ಕಮ್ಮಿ. ಅದೇ ಸಮಯದಲ್ಲಿ ಪೋರ್ಟಲ್ ರಕ್ತನಾಳದ ಒತ್ತಡವನ್ನೂ ಅಳೆದುಕೊಳ್ಳುತ್ತಾರೆ. ಅದು 10 ಎಂಎಂ (ಪಾದರಸದ ಮಿಲಿಮೀಟರ್) ಅಥವಾ ಅದಕ್ಕಿಂತ ಜಾಸ್ತಿ ಬಂದರೆ ದೊಡ್ಡ ಆಪರೇಷನ್‌ಗೆ ಡಾಕ್ಟರು ಎರಡು ಸಲ ಯೋಚಿಸುತ್ತಾರೆ. ಆದರೆ ಮೂರು ತಿಂಗಳಿಗೊಮ್ಮೆ ಪದೇ ಪದೇ ಮಾಡಿ ನೋಡುವಂಥ ಪರೀಕ್ಷೆ ಇದಲ್ಲ.

ಎಂಆರ್ ಎಲಾಸ್ಟೋಗ್ರಫಿ

ಈಗ ನನ್ನ ಕೋಣೆಗೆ ಬನ್ನಿ. ಎಂಆರ್‌ಐ ಅಂದ ಕೂಡಲೇ ಲಿವರ್ ಗಟ್ಟಿತನ ಗೊತ್ತಾಗುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಮಾಮೂಲಿ ಎಂಆರ್‌ಐಯಲ್ಲಿ ಸಿರೋಸಿಸ್ ಮುಂದುವರಿದಿದ್ದರೆ ಕಾಣುತ್ತದೆ: ಲಿವರ್ ಮೈ ಗಂಟುಗಂಟು, ಸ್ಪ್ಲೀನ್ ದೊಡ್ಡದು, ಅಡ್ಡದಾರಿ ಹಿಡಿದ ದಪ್ಪ ರಕ್ತನಾಳಗಳು. ಆದರೆ ನಡುವಿನ ಹಂತಗಳು ಕಣ್ಣಿಗೆ ಸಿಗುವುದಿಲ್ಲ. ಅದಕ್ಕೆ ಎಲಾಸ್ಟೋಗ್ರಫಿ ಅನ್ನುವ ಬೇರೆ ಜೋಡಣೆಯೇ ಬೇಕು. 1995ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ರಾಜಾ ಮುತ್ತುಪಿಳ್ಳೈ, ರಿಚರ್ಡ್ ಎಹ್ಮನ್ ಮತ್ತು ಜೊತೆಯವರು ಈ ವಿಧಾನವನ್ನು ಮೊದಲು ಬರೆದು ಪ್ರಕಟಿಸಿದರು.

ನಾವು ಮಾಡುವುದು ಇಷ್ಟು. ಊಟದ ತಟ್ಟೆಗಿಂತ ಸ್ವಲ್ಪ ಚಿಕ್ಕದಾದ ಒಂದು ಪ್ಲಾಸ್ಟಿಕ್ ಬಿಲ್ಲೆ. ಅದನ್ನು ಬಲ ಪಕ್ಕೆಯ ಮೇಲಿಟ್ಟು ಅಗಲದ ಪಟ್ಟಿಯಿಂದ ಬಿಗಿಯುತ್ತೇವೆ. ಬಿಲ್ಲೆಗೆ ಒಂದು ಉದ್ದನೆ ಪೈಪು. ಪೈಪಿನ ಇನ್ನೊಂದು ತುದಿ ಕೋಣೆಯ ಹೊರಗಿರುವ ಪೆಟ್ಟಿಗೆಗೆ. ಆ ಪೆಟ್ಟಿಗೆ ಸೆಕೆಂಡಿಗೆ 60 ಸಲ ಗಾಳಿಯನ್ನು ಅದುರಿಸುತ್ತದೆ. ಪಕ್ಕೆಯ ಮೇಲೆ ಮೊಬೈಲ್ ವೈಬ್ರೇಷನ್‌ಗಿಂತ ಸ್ವಲ್ಪ ಜೋರಾಗಿ ಗುಂಯ್ ಅನ್ನುತ್ತದೆ. "ಅಕ್ಕ, ಪಕ್ಕೆ ಮೇಲೆ ಬೈಕ್ ಸ್ಟಾರ್ಟ್ ಮಾಡಿದ ಹಾಗಾಯ್ತು" ಅಂದರು ಒಬ್ಬರು. ನೋವಾಗುವುದಿಲ್ಲ. "ಉಸಿರು ಬಿಡಿ, ಹಾಗೇ ಹಿಡಿಯಿರಿ" ಅಂತ ಹೇಳಿ ಸುಮಾರು 15 ಸೆಕೆಂಡಿನ ಒಂದು ಚಿತ್ರ. ಇಂಥವು ನಾಲ್ಕು. ಇಂಜೆಕ್ಷನ್ ಬೇಕಿಲ್ಲ. ಎಲ್ಲಾ ಸೇರಿ ಐದು ನಿಮಿಷ.

ಆಮೇಲೆ ಪರದೆಯ ಮೇಲೆ ಕಾಣುವುದು ಕೆರೆಗೆ ಕಲ್ಲು ಹಾಕಿದಾಗ ಏಳುವಂಥ ಅಲೆಗಳು. ಮೆತ್ತಗಿನ ಲಿವರ್‌ನಲ್ಲಿ ಅಲೆಗಳು ಒತ್ತೊತ್ತಾಗಿ ಇರುತ್ತವೆ. ಗಟ್ಟಿ ಲಿವರ್‌ನಲ್ಲಿ ಅಗಲವಾಗಿ ಹರಡುತ್ತವೆ. ಕಂಪ್ಯೂಟರ್ ಅದನ್ನು ಬಣ್ಣದ ನಕ್ಷೆ ಮಾಡಿ ಕೊಡುತ್ತದೆ: ನೀಲಿ ಮೆತ್ತಗೆ, ಹಸಿರು ಹಳದಿ ನಡುವೆ, ಕೆಂಪು ಗಟ್ಟಿ. ಅಲೆ ಸರಿಯಾಗಿ ತಲುಪದ, ನಂಬಲು ಆಗದ ಜಾಗಕ್ಕೆ ತಾನೇ ಗೆರೆ ಹಾಕಿ ಮುಚ್ಚಿರುತ್ತದೆ. ಈ ಪ್ರಾಮಾಣಿಕತೆ ನನಗೆ ತುಂಬಾ ಇಷ್ಟ.

ಚಿಕಿತ್ಸೆ ಆದವರಿಗೆ ಈ ನಕ್ಷೆಯೇ ಮುಖ್ಯ. ಟೇಸ್ ಮತ್ತು ಆರ್‌ಎಫ್‌ಎ ಎರಡೂ ಆಗಿದ್ದ ಒಬ್ಬರದು ನೆನಪಿದೆ. ಫೈಬ್ರೋಸ್ಕ್ಯಾನ್ ಚಿಕಿತ್ಸೆಗೆ ಮೊದಲು 14 ಇದ್ದದ್ದು ಆಮೇಲೆ 31 ಬಂದಿತ್ತು. ಮನೆಯವರು ಇನ್ನು ಮುಗಿಯಿತು ಅಂದುಕೊಂಡೇ ಬಂದಿದ್ದರು. ನಕ್ಷೆಯಲ್ಲಿ ಬಲಭಾಗದ ಅಂಚಿಗೆ, ಪಕ್ಕೆಲುಬಿನ ಕೆಳಗೇ, ನಿಂಬೆಹಣ್ಣಿನ ಗಾತ್ರದ ಒಂದು ಕೆಂಪು ಗುಂಡು. ಸುಟ್ಟ ಜಾಗ. ಫೈಬ್ರೋಸ್ಕ್ಯಾನಿನ ಪ್ರೋಬ್ ಇಡುವ ಜಾಗಕ್ಕೆ ನೇರ. ಅದನ್ನು ಬಿಟ್ಟರೆ ಉಳಿದ ಲಿವರ್ ಎಲ್ಲಾ ಹಸಿರು ಹಳದಿ. ರೇಡಿಯಾಲಜಿಸ್ಟ್ ಕೆಂಪು ಗುಂಡನ್ನು ಬಿಟ್ಟು, ದೊಡ್ಡ ರಕ್ತನಾಳ ಮತ್ತು ಅಂಚು ಬಿಟ್ಟು, ಉಳಿದ ಕಡೆ ಗೆರೆ ಎಳೆದು ಅಳೆದರು. 4.7. ಹೆಚ್ಚುಕಮ್ಮಿ ಹಳೆಯ 14ರ ಲೆಕ್ಕವೇ.

ನಂಬರಿನ ಅರ್ಥ ಹೀಗೆ ಇಟ್ಟುಕೊಳ್ಳಿ. 60 ಹರ್ಟ್ಜ್‌ನಲ್ಲಿ, ಅಂದರೆ ಸೆಕೆಂಡಿಗೆ 60 ಸಲ ಅದುರಿಸಿ, ಅಳೆದರೆ 2.5ಕ್ಕಿಂತ ಕಮ್ಮಿ ಸಹಜ. 3ರಿಂದ 4ರ ತನಕ ನಡುವಿನ ಹಂತಗಳು. 4 ದಾಟಿದರೆ ನಾರು ಜೋರಾಗಿದೆ. 5 ದಾಟಿದರೆ ಸಿರೋಸಿಸ್ ಅಂತಲೇ ನೋಡುತ್ತಾರೆ. ಆದರೆ ಈ ಗೆರೆಗಳನ್ನು ಎಳೆದದ್ದು ಬಹುಪಾಲು ಕ್ಯಾನ್ಸರ್ ಚಿಕಿತ್ಸೆ ಆಗದ ಲಿವರ್ ರೋಗಿಗಳನ್ನು ನೋಡಿ. ಹಾಗಾಗಿ ಚಿಕಿತ್ಸೆ ಆದವರಲ್ಲಿ ಹಂತದ ಹೆಸರಿಗಿಂತ, ಮೊದಲಿದ್ದದ್ದಕ್ಕೂ ಈಗಿನದಕ್ಕೂ ಇರುವ ವ್ಯತ್ಯಾಸಕ್ಕೇ ಬೆಲೆ ಜಾಸ್ತಿ ಅನ್ನುವುದು ನಾನು ಕಂಡುಕೊಂಡದ್ದು. ಆ ವ್ಯತ್ಯಾಸಕ್ಕೂ ಒಂದು ಅಳತೆ ಇದೆ. ಎರಡು ಸಲದ ನಂಬರ್ ನಡುವೆ ಶೇಕಡ 19ರಷ್ಟಾದರೂ ಅಂತರ ಇದ್ದರೆ ಮಾತ್ರ ನಿಜವಾದ ಬದಲಾವಣೆ ಅಂತ ನೋಡಬೇಕು. 4.6 ಇದ್ದದ್ದು 5.0 ಆದರೆ ಅದು ಅಳತೆಯಲ್ಲೇ ಇರುವ ಏರುಪೇರು. 5.5 ಆದರೆ ಡಾಕ್ಟರ್ ಹತ್ತಿರ ಕೂತು ಮಾತಾಡಿ.

ಎಂಆರ್‌ಐ ಕೈಕೊಡುವ ಕಡೆ

ನನ್ನ ಮಷಿನ್ನು ಅಂತ ಹೊಗಳುವುದಷ್ಟೇ ಮಾಡಿದರೆ ತಪ್ಪಾಗುತ್ತದೆ. ಮೊದಲನೆಯದು, ಎಲಾಸ್ಟೋಗ್ರಫಿ ಎಲ್ಲ ಎಂಆರ್‌ಐ ಸೆಂಟರ್‌ನಲ್ಲೂ ಇಲ್ಲ. 'ಎಂಆರ್‌ಐ ಇದೆ' ಅಂದರೆ ಇದೂ ಇದೆ ಅಂತಲ್ಲ. ಫೋನ್ ಮಾಡಿ 'ಲಿವರ್ ಎಲಾಸ್ಟೋಗ್ರಫಿ ಇದೆಯಾ' ಅಂತ ಹೆಸರು ಹೇಳಿಯೇ ಕೇಳಿ. ಒಂದು ಕಡೆ ಇದನ್ನು ಕೇಳದೆ ಹೋದ ನನ್ನ ದೊಡ್ಡಪ್ಪ ಇಡೀ ದಿನ ಕಾದು, ಮಾಮೂಲಿ ಸ್ಕ್ಯಾನ್ ಮಾಡಿಸಿಕೊಂಡು ವಾಪಸ್ ಬಂದಿದ್ದರು.

ಎರಡನೆಯದು ಕಬ್ಬಿಣಾಂಶ. ಪದೇ ಪದೇ ರಕ್ತ ಹಾಕಿಸಿಕೊಂಡವರ ಲಿವರ್‌ನಲ್ಲಿ ಕಬ್ಬಿಣ ಕೂತಿದ್ದರೆ ಲಿವರ್ ಕಪ್ಪಗೆ ಕಾಣುತ್ತದೆ, ಅಲೆಯೇ ಸಿಗುವುದಿಲ್ಲ. ಹೊಸ ಮಷಿನ್ನುಗಳಲ್ಲಿ ಇದಕ್ಕೆ ಬೇರೆ ಸೀಕ್ವೆನ್ಸ್ (ಚಿತ್ರ ತೆಗೆಯುವ ರೀತಿ) ಇದೆ, ಅದು ಸ್ವಲ್ಪ ಮಟ್ಟಿಗೆ ನಡೆಸುತ್ತದೆ. ಮೂರನೆಯದು ಉಸಿರು. 15 ಸೆಕೆಂಡ್ ಹಿಡಿಯಲು ಆಗದವರಿಗೆ ಚಿತ್ರ ಕೆಡುತ್ತದೆ. ಗುಹೆಯಂಥ ಮಷಿನ್ನಿಗೆ ಹೆದರುವವರೂ ಇದ್ದಾರೆ. ಇನ್ನು ಎಡಭಾಗ ಹೃದಯಕ್ಕೆ ಹತ್ತಿರ. ಅದರ ಬಡಿತಕ್ಕೆ ಅಲೆ ಕದಡುತ್ತದೆ. ಬಲಭಾಗ ತೆಗೆದವರಲ್ಲಿ ಎಡಭಾಗ ಚೆನ್ನಾಗಿ ಬೆಳೆದಿದ್ದರೆ ಅಳೆಯಬಹುದು, ಇಲ್ಲದಿದ್ದರೆ ಕಷ್ಟ.

ಎಲ್ಲಕ್ಕಿಂತ ದೊಡ್ಡ ತೊಡಕು ಬೇರೆ. ಫೈಬ್ರೋಸ್ಕ್ಯಾನ್ ಆಗಲಿ, ಎಂಆರ್ ಆಗಲಿ, ಅಳೆಯುವುದು ಗಟ್ಟಿತನವನ್ನು. ನಾರನ್ನಲ್ಲ. ಊತ ಇದ್ದರೂ ಲಿವರ್ ಗಟ್ಟಿ. ಪಿತ್ತನಾಳ ಕಟ್ಟಿಕೊಂಡರೂ ಗಟ್ಟಿ. ಹೃದಯ ಸೋತು ಲಿವರ್‌ನಲ್ಲಿ ರಕ್ತ ನಿಂತರೂ ಗಟ್ಟಿ. ಹೊಟ್ಟೆ ತುಂಬಾ ಊಟ ಮಾಡಿ ಬಂದರೂ ನಂಬರ್ ಏರುತ್ತದೆ. ಅದಕ್ಕೇ ಫೈಬ್ರೋಸ್ಕ್ಯಾನ್‌ಗೆ ಕನಿಷ್ಠ ಮೂರು ಗಂಟೆ, ಎಂಆರ್‌ಗೆ ನಾಲ್ಕು ಗಂಟೆ ಖಾಲಿ ಹೊಟ್ಟೆ ಅನ್ನುವುದು. "ಬರೀ ಎರಡು ಇಡ್ಲಿ ಮೇಡಮ್" ಅಂದವರನ್ನೂ ನಾನು ಮಧ್ಯಾಹ್ನದವರೆಗೆ ಕೂರಿಸಿದ್ದೇನೆ.

ಚಿಕಿತ್ಸೆ ಆದ ಹೊಸತರಲ್ಲಿ ಅಳೆದರೆ ಸಿಗುವುದು ಹೆಚ್ಚಾಗಿ ಊತ. ರೇಡಿಯೇಷನ್ ಆದವರಲ್ಲಿ ಈ ಊತ ತಿಂಗಳುಗಳ ಕಾಲ ಇರಬಹುದು. ಎಸ್‌ಜಿಓಟಿ, ಎಸ್‌ಜಿಪಿಟಿ ಇಳಿದು ಒಂದು ಮಟ್ಟಕ್ಕೆ ನಿಂತ ಮೇಲೆ ಬಂದ ನಂಬರಿಗೆ ಬೆಲೆ.

ಬಣ್ಣದ ಇಂಜೆಕ್ಷನ್ ಕೊಡುವ ಎಂಆರ್‌ಐ

ಲಿವರ್‌ಗೆಂದೇ ಇರುವ ಒಂದು ಕಾಂಟ್ರಾಸ್ಟ್ ಇದೆ, ಗ್ಯಾಡಾಕ್ಸೆಟೇಟ್ ಅಂತ. ಪ್ರಿಮೋವಿಸ್ಟ್ ಅಂದರೆ ಜಾಸ್ತಿ ಜನಕ್ಕೆ ಗೊತ್ತು. ಇದರ ಅರ್ಧದಷ್ಟನ್ನು ಆರೋಗ್ಯವಾಗಿರುವ ಲಿವರ್ ಕಣಗಳೇ ಹೀರಿಕೊಳ್ಳುತ್ತವೆ. 20 ನಿಮಿಷ ಬಿಟ್ಟು ಚಿತ್ರ ತೆಗೆದರೆ ಕೆಲಸ ಮಾಡುವ ಭಾಗ ಬೆಳ್ಳಗೆ ಹೊಳೆಯುತ್ತದೆ. ಸತ್ತ ಅಥವಾ ಪೆಟ್ಟು ತಿಂದ ಭಾಗ ಕಪ್ಪಗೆ ಉಳಿಯುತ್ತದೆ. ಎಲಾಸ್ಟೋಗ್ರಫಿ ಹೇಳುವುದು ಎಷ್ಟು ಗಟ್ಟಿ ಅಂತ, ಇದು ಹೇಳುವುದು ಯಾವ ಭಾಗ ದುಡಿಯುತ್ತಿದೆ ಅಂತ. ಎಸ್‌ಬಿಆರ್‌ಟಿ ಆದವರಲ್ಲಿ ರೇಡಿಯೇಷನ್ ಬಿದ್ದ ಜಾಗದ ಆಕಾರವೇ ಕಪ್ಪಗೆ ಅಚ್ಚೊತ್ತಿದ ಹಾಗೆ ಕಾಣುತ್ತದೆ. ಅದನ್ನು ಹೊಸ ಗಡ್ಡೆ ಅಂತ ತಿಳಿದುಕೊಳ್ಳುವ ಅಪಾಯ ಇದೆ. ರೇಡಿಯೇಷನ್ ಪ್ಲಾನ್ ಕಾಗದ ರೇಡಿಯಾಲಜಿಸ್ಟ್ ಕೈಯಲ್ಲಿದ್ದರೆ ಆ ಅನುಮಾನ ಅಲ್ಲೇ ಬಗೆಹರಿಯುತ್ತದೆ. ಕಾಮಾಲೆ ಜೋರಾಗಿರುವವರಲ್ಲಿ ಲಿವರ್ ಈ ಔಷಧಿಯನ್ನು ಸರಿಯಾಗಿ ಹೀರುವುದಿಲ್ಲ, ಚಿತ್ರವೂ ಮಂಕು. ಕಿಡ್ನಿ ತೊಂದರೆ ಇದ್ದರೆ ಮೊದಲೇ ಹೇಳಬೇಕು.

ಹಾಗಾದರೆ ಯಾವುದನ್ನು ಆರಿಸುವುದು?

ಗಡ್ಡೆ ಮತ್ತೆ ಬಂದಿದೆಯಾ ಅಂತ ನೋಡಲು ನಿಮಗೆ ಹೇಗೂ ಕೆಲವು ತಿಂಗಳಿಗೊಮ್ಮೆ ಎಂಆರ್‌ಐ ಆಗುತ್ತಿದೆಯಾ? ಹಾಗಿದ್ದರೆ ಎಲಾಸ್ಟೋಗ್ರಫಿಯನ್ನೂ ಸೇರಿಸಬಹುದಾ ಅಂತ ಡಾಕ್ಟರನ್ನು ಕೇಳಿ. ಹೇಗೂ ಒಳಗೆ ಮಲಗಿರುತ್ತೀರಿ. ಪ್ರಿಮೋವಿಸ್ಟ್ ಕೊಟ್ಟು 20 ನಿಮಿಷ ಕಾಯುವ ಹೊತ್ತಿನಲ್ಲೇ ನಾವು ಅದನ್ನು ಮುಗಿಸುತ್ತೇವೆ. ನನ್ನ ಪ್ರಕಾರ ಚಿಕಿತ್ಸೆ ಆದವರಿಗೆ ಇದಕ್ಕಿಂತ ಒಳ್ಳೆ ಆಯ್ಕೆ ಇಲ್ಲ. ಲಿಪಿಯೋಡಾಲ್ ಅನ್ನುವ ಎಣ್ಣೆ ಹಾಕಿ ಟೇಸ್ ಆದವರಿಗಂತೂ ಎಂಆರ್‌ಐ ಇನ್ನೂ ವಾಸಿ. ಸಿಟಿಯಲ್ಲಿ ಆ ಎಣ್ಣೆ ಬೆಳ್ಳಗೆ ಹೊಳೆದು ಗಡ್ಡೆಯ ಅಂಚನ್ನೇ ಮುಚ್ಚಿಬಿಡುತ್ತದೆ.

ಸಣ್ಣ ಗಡ್ಡೆ, ಎಡಭಾಗದಲ್ಲಿತ್ತು, ಸುಟ್ಟು ಆಯಿತು, ಹೊಟ್ಟೆಯಲ್ಲಿ ನೀರಿಲ್ಲ ಅಂದರೆ ಬಲ ಪಕ್ಕೆಯ ಫೈಬ್ರೋಸ್ಕ್ಯಾನ್ ಸಾಕು. ಸುಮ್ನೆ ಎಂಆರ್‌ಐ ಅಂತ ದುಡ್ಡು ಸುರಿಯಬೇಡಿ. ಹೆಪಟೈಟಿಸ್ ಬಿಗೆ ಮಾತ್ರೆ ತಗೊಳ್ಳುತ್ತಾ ವರ್ಷದಿಂದ ವರ್ಷಕ್ಕೆ ಗಟ್ಟಿತನ ಇಳಿಯುತ್ತಿದೆಯಾ ಅಂತ ನೋಡಲು ಇದು ಹೇಳಿ ಮಾಡಿಸಿದ್ದು. ಬಲಭಾಗಕ್ಕೆ ಚಿಕಿತ್ಸೆ ಆಗಿದ್ದರೆ, ರೇಡಿಯೇಷನ್ ಆಗಿದ್ದರೆ, ಹೊಟ್ಟೆಯಲ್ಲಿ ನೀರಿದ್ದರೆ, ಮೈ ತುಂಬಾ ದಪ್ಪ ಇದ್ದರೆ ಎಂಆರ್ ಕಡೆಗೆ ವಾಲಿ. ಪೇಸ್‌ಮೇಕರ್ ಇರುವವರಿಗೆ, ಅದು ಎಂಆರ್‌ಐಗೆ ಒಗ್ಗುವ ಮಾಡೆಲ್ ಹೌದೋ ಅಲ್ಲವೋ ಖಾತ್ರಿ ಆಗುವವರೆಗೆ, ಅಲ್ಟ್ರಾಸೌಂಡ್ ಎಲಾಸ್ಟೋಗ್ರಫಿಯೇ ಗತಿ. ಎಲ್ಲ ಪರೀಕ್ಷೆಗಳೂ ಒಂದೊಂದು ಹೇಳುತ್ತಿವೆ, ಮುಂದೆ ದೊಡ್ಡ ಆಪರೇಷನ್ ಬೇಕು ಅನ್ನುವಾಗ ಬಯಾಪ್ಸಿ ಮಾತು ಬರುತ್ತದೆ.

ಚಿಕಿತ್ಸೆ ಇನ್ನೂ ಶುರುವಾಗಿಲ್ಲವಾ? ಹಾಗಾದರೆ ಶುರುವಾಗುವ ಮೊದಲೇ ಒಂದು ಅಳತೆ ಮಾಡಿಸಿಟ್ಟುಕೊಳ್ಳಿ. ಹೋಲಿಸಲು ಹಳೆಯ ನಂಬರ್ ಇಲ್ಲದೆ ಹೊಸ ನಂಬರ್ ಒಂದೇ ಇಟ್ಟುಕೊಂಡು ರೇಡಿಯಾಲಜಿಸ್ಟ್ ಏನು ಹೇಳಲಿ? ಒಮ್ಮೆ ಒಂದು ವಿಧಾನ ಹಿಡಿದರೆ ಅದನ್ನೇ ಮುಂದುವರಿಸಿ, ಆದಷ್ಟೂ ಅದೇ ಮಷಿನ್ನಿನಲ್ಲಿ.

ಮತ್ತೊಂದು ಮಾತು, ಇದು ಪರೀಕ್ಷೆಗೆ ಹೊರಗಿನದು. ಗಟ್ಟಿತನದ ನಂಬರ್ ನೋಡಿ ನಿದ್ದೆ ಕೆಡಿಸಿಕೊಳ್ಳುವವರು ಆಲ್ಬುಮಿನ್, ಬಿಲಿರುಬಿನ್ ಕಡೆ ನೋಡುವುದೇ ಇಲ್ಲ. ಮುಂದಿನ ಚಿಕಿತ್ಸೆ ತಡೆದುಕೊಳ್ಳಲು ಲಿವರ್‌ಗೆ ಶಕ್ತಿ ಇದೆಯಾ ಅಂತ ಡಾಕ್ಟರು ತೂಗುವುದು ಚೈಲ್ಡ್-ಪ್ಯೂ ಲೆಕ್ಕದಲ್ಲಿ. ಬಿಲಿರುಬಿನ್, ಆಲ್ಬುಮಿನ್, ರಕ್ತ ಹೆಪ್ಪುಗಟ್ಟುವ ಸಮಯ, ಹೊಟ್ಟೆಯ ನೀರು, ಬುದ್ಧಿ ಮಂಕಾಗುವುದು, ಈ ಐದರ ಲೆಕ್ಕ ಅದು. 5 ಅಥವಾ 6 ಬಂದರೆ ಎ, ಅಂದರೆ ಎಲ್ಲಕ್ಕಿಂತ ಒಳ್ಳೆಯ ಗುಂಪು. ಎಂಆರ್‌ನಲ್ಲಿ ಗಟ್ಟಿತನ 5.2 ಇದ್ದೂ ಎ ಗುಂಪಿನಲ್ಲಿ ಆರಾಮಾಗಿ ಓಡಾಡಿಕೊಂಡಿರುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಸ್ಕ್ಯಾನ್ ದಿನ

ಬರುವಾಗ ಡಿಸ್ಚಾರ್ಜ್ ಸಮ್ಮರಿ ತನ್ನಿ. ಯಾವ ಭಾಗಕ್ಕೆ ಯಾವ ತಾರೀಖಿನಂದು ಏನು ಮಾಡಿದರು, ಒಳಗೆ ಕಾಯಿಲ್ (ನಾಳ ಮುಚ್ಚುವ ಲೋಹದ ಸುರುಳಿ), ಕ್ಲಿಪ್ ಏನಾದರೂ ಬಿಟ್ಟಿದ್ದಾರಾ ಅನ್ನುವುದು ಅದರಲ್ಲಿರುತ್ತದೆ. ಹಳೇ ಸ್ಕ್ಯಾನಿನ ಬರೀ ರಿಪೋರ್ಟ್ ಸಾಲದು, ಸಿಡಿಯನ್ನೂ ತನ್ನಿ. ಬಿಪಿಎಲ್ ಕಾರ್ಡ್ ಇರುವವರು ದುಡ್ಡು ಕಟ್ಟುವ ಮೊದಲು ಆಸ್ಪತ್ರೆಯ ಆರೋಗ್ಯ ಮಿತ್ರರ ಹತ್ತಿರ ಒಂದು ಮಾತು ಕೇಳಿ.

ಹೆಂಗಸರಿಗೆ ಒಂದು ಮಾತು. ಮಾಂಗಲ್ಯದ ಸರಕ್ಕೆ ಸಿಕ್ಕಿಸಿಕೊಂಡ ಸೇಫ್ಟಿ ಪಿನ್ನು! ಚಿನ್ನವನ್ನು ಅಯಸ್ಕಾಂತ ಎಳೆಯುವುದಿಲ್ಲ, ಪಿನ್ನನ್ನು ಮಾತ್ರ ಎಳೆದುಕೊಂಡು ಹೋಗುತ್ತದೆ. ಸರ ತೆಗೆಯಲು ಮನಸ್ಸಿಲ್ಲ ಅನ್ನುವವರು ಅರಿಶಿನದ ಕೊಂಬು ಕಟ್ಟಿದ ದಾರ ಹಾಕಿಕೊಂಡು ಬರುತ್ತಾರೆ, ಅದಕ್ಕೆ ನಮ್ಮ ಅಡ್ಡಿ ಇಲ್ಲ. ಗಂಡಸರು ಉಡುದಾರದ ತಾಯಿತ ಮರೆಯುತ್ತಾರೆ.

ಉಸಿರು ಬಿಟ್ಟು ಹಿಡಿಯುವುದನ್ನು ಮನೆಯಲ್ಲೇ ನಾಲ್ಕು ದಿನ ಅಭ್ಯಾಸ ಮಾಡಿ. ಉಸಿರು ಎಳೆದು ಹಿಡಿಯುವುದಲ್ಲ, ಬಿಟ್ಟು ಹಿಡಿಯುವುದು. ಎಲ್ಲರೂ ಇಲ್ಲೇ ತಪ್ಪುತ್ತಾರೆ.

ಮೈಸೂರ್‌ಪಾಕಿನ ಮನೆಯವರು ಆರು ತಿಂಗಳ ಮೇಲೆ ಮತ್ತೆ ಬಂದಿದ್ದರು. ಈ ಸಲ 4.9. ರಿಪೋರ್ಟ್ ಕೈಗೆ ಬಂದ ಕೂಡಲೇ ಮಗ ಫೋನ್ ತೆಗೆದು ಲೆಕ್ಕ ಹಾಕಿದ. "ಆರೂವರೆ ಪರ್ಸೆಂಟ್ ಮೇಡಮ್. ಹತ್ತೊಂಬತ್ತು ಆಗಿಲ್ಲ, ಅಲ್ವಾ?" ಅಂದ. ಹೌದಪ್ಪ ಅಂದೆ. ಅಪ್ಪ ಬೆಂಚಿನ ಮೇಲೆ ಕೂತು, ಬೆಳಗ್ಗಿಂದ ಖಾಲಿ ಇದ್ದ ಹೊಟ್ಟೆಗೆ ಬಾಳೆಹಣ್ಣು ಸುಲಿಯುತ್ತಿದ್ದರು.